ಎಡಗಡೆ ನೋಡುವ ಆಟ

ಬೆಳಗ್ಗೆ ಆರೂವರೆಗೆ ಮಗಳು "ಅಯ್ಯೋ, ಕಂಪ್ಯೂಟರ್ ಆನ್ ಆಗ್ತಿಲ್ಲ!" ಎಂದು ಕೂಗಿದಾಗ, ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ಡ್ರೈವರ್ ತಾತನ ಕೈ ಜಾರಿ ಕೆನ್ನೆ ಕೊಯ್ದುಹೋಯಿತು. ಮಗಳು ಮನೆಯಲ್ಲೇ ಕೂತು ಕಟ್ಟಡಗಳ ನಕ್ಷೆ ಬರೆಯುವವಳು. ಒಂಬತ್ತಕ್ಕೆ ಒಂದು ನಕ್ಷೆ ಕಳಿಸಲೇಬೇಕಿತ್ತು, ಅವಳ ಗಾಬರಿಗೆ ಅರ್ಥವಿತ್ತು. ಆದರೆ ಕಂಪ್ಯೂಟರಿನಲ್ಲಿ ಇಸ್ಪೀಟಾಟ ಬಿಟ್ಟು ಬೇರೇನೂ ತಿಳಿಯದ ಈ ಮನುಷ್ಯನ ಎದೆ ಧಸಕ್ಕೆನ್ನಲು ಏನು ಕಾರಣ?

ಕಾರಣ, ಹಿಂದಿನ ಸಂಜೆ ಅದರ ಹೊಟ್ಟೆಯೊಳಗೆ ಅವರೊಂದು ಲಕೋಟೆ ಬಚ್ಚಿಟ್ಟಿದ್ದರು.

ಲಕೋಟೆಯಲ್ಲಿದ್ದದ್ದು ಕಣ್ಣಿನ ಡಾಕ್ಟರ ವರದಿ. ಎಡಗಣ್ಣಿನ ನರ ಸೊರಗಿದೆ, ಎಡಮಗ್ಗುಲಿನ ನೋಟ ಬಹುಪಾಲು ಹೋಗಿದೆ, ಹೋದದ್ದು ವಾಪಸ್ಸು ಬರುವುದಿಲ್ಲ, ಇನ್ನು ಬಸ್ಸು ಓಡಿಸಕೂಡದು. ಅದೂ ಎಂಥ ಬಸ್ಸು? ನಲವತ್ತು ಮಕ್ಕಳು ಕೂರುವ ಶಾಲೆಯ ಬಸ್ಸು. ಮೂವತ್ತೊಂದು ವರ್ಷದಲ್ಲಿ ಒಂದು ಗೀರೂ ಬಿದ್ದಿಲ್ಲವೆಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವರು ಅವರು. ಸ್ಟೀರಿಂಗು ಬಿಟ್ಟರೆ ತಾನು ಯಾರು ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಹಾಗಾದರೆ ವರದಿಯನ್ನು ಹರಿದು ಬಿಸಾಡಬಹುದಿತ್ತಲ್ಲ ಎನ್ನುತ್ತೀರಿ. ಮುಂದಿನ ಸಲ ಬರುವಾಗ ತನ್ನಿ ಎಂದಿದ್ದರು ಡಾಕ್ಟರು. ಡಾಕ್ಟರ ಮಾತನ್ನು ಪೂರ್ತಿ ಮೀರುವವರಲ್ಲ ನಮ್ಮ ತಾತ, ಅರ್ಧ ಮೀರುವವರು.

ಇನ್ನು ಮನೆಯಲ್ಲಿ ಹೆಂಡತಿ. ಬೀರು, ಹಾಸಿಗೆಯಡಿ, ಷರಟಿನ ಜೇಬು ಎಲ್ಲವನ್ನೂ ದಿನಕ್ಕೊಮ್ಮೆ ತಡಕದಿದ್ದರೆ ಆಕೆಗೆ ಉಂಡದ್ದು ಅರಗದು. ಆಕೆಯ ಕೈ ಹೋಗದ ಜಾಗ ಒಂದೇ, ಮೇಜಿನ ಕೆಳಗಿನ ಸಿಪಿಯು ಡಬ್ಬ. ಅದರ ಪಕ್ಕದ ಮುಚ್ಚಳಕ್ಕೆ ಸ್ಕ್ರೂಗಳೇ ಇರಲಿಲ್ಲ. ಸರಿಸಿ, ತೂರಿಸಿ, ಮುಚ್ಚಿ, ಕೈ ಒರೆಸಿಕೊಂಡಿದ್ದರು.

ಮುಖದ ನೊರೆಯನ್ನೂ ತೊಳೆಯದೆ ಅವರು ಓಡಿ ಬಂದರು. ಮಗಳು ಬಟನ್ ಒತ್ತಿದಳು. ಒಳಗೆ 'ಗುರ್' ಎಂದಿತು, ಎರಡು ಸಲ ಕೀರಲು ದನಿ ಬಂತು, ಎಲ್ಲ ಸ್ತಬ್ಧವಾಯಿತು.

"ಪ್ಲಗ್ಗು ಸಡಿಲ ಆಗಿರುತ್ತೆ ಕಣಮ್ಮ. ನೀನು ಏಳು, ನಾನು ನೋಡ್ತೀನಿ."

"ನೀನು ನೋಡೋದಾ?" ಮಗಳು ನಗಲೂ ಇಲ್ಲ. ಮೇಜಿನಡಿ ತೂರಿ ವೈರುಗಳನ್ನೆಲ್ಲ ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದಳು. ಒಳಗಿನಿಂದಲೇ ಕೇಳಿದಳು, "ಅಪ್ಪ, ಸ್ವಿಚ್‌ಬೋರ್ಡಲ್ಲಿ ಕೆಂಪು ದೀಪ ಇದೆಯಾ?"

ತಾತ ಕಣ್ಣು ಹಾಯಿಸಿದರು. "ಇಲ್ಲ. ಕರೆಂಟೇ ಬರ್ತಿಲ್ಲ, ಅದಕ್ಕೇ!"

"ಇದೆಯಲ್ರೀ!" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು. "ನಿಮ್ಮ ಎಡಗೈ ಪಕ್ಕದಲ್ಲೇ ಉರೀತಾ ಇದೆ."

ಅವರು ಇಡೀ ಕತ್ತು ತಿರುಗಿಸಿದರು. ಹೌದು, ಉರಿಯುತ್ತಿತ್ತು.

ಮೊನ್ನೆಯ ಸೈಕಲ್ಲೂ ಹೀಗೇ ಬಂದಿತ್ತು. ಖಾಲಿ ರಸ್ತೆ ಎಂದುಕೊಂಡು ಬಸ್ಸನ್ನು ಎಡಕ್ಕೆ ತಿರುಗಿಸುವಾಗ, ಮುಂದಿನ ಸೀಟಿನಲ್ಲಿದ್ದ ಏಳು ವರ್ಷದ ಮೊಮ್ಮಗಳು "ತಾತಾ, ಸೈಕಲ್!" ಎಂದು ಕಿರುಚಿರದಿದ್ದರೆ ಸೈಕಲ್ ಮೇಲಿದ್ದ ಹೆಂಗಸು ಚಕ್ರದಡಿ ಇರುತ್ತಿದ್ದಳು. ಆ ದಿನದಿಂದ ತಾತ ಒಂದು ಆಟ ಕಟ್ಟಿದ್ದರು. ಎಡಗಡೆ ಏನೇ ಬಂದರೂ ಮೊದಲು ಕೂಗಿ ಹೇಳಬೇಕು, ಹೇಳಿದರೆ ಒಂದು ಪಾಯಿಂಟು. ಮಗುವಿಗೆ ಖುಷಿಯೋ ಖುಷಿ. ತಾತನಿಗೆ ಮಾತ್ರ ಪ್ರತಿ ತಿರುವಿನಲ್ಲೂ ಜೀವ ಬಾಯಿಗೆ ಬರುತ್ತಿತ್ತು.

"ಒಳಗೆ ಏನೋ ಸಿಕ್ಕಿಹಾಕ್ಕೊಂಡಿದೆ. ಬಿಚ್ಚಿ ನೋಡ್ತೀನಿ," ಎಂದಳು ಮಗಳು.

"ಬಿಚ್ಚಬೇಡ! ವಾರಂಟಿ ಹೋಗುತ್ತೆ!"

"ವಾರಂಟಿ ಹೋಗಿ ಮೂರು ವರ್ಷ ಆಯ್ತಪ್ಪ." ಮುಚ್ಚಳ ಸರಿದೇ ಬಿಟ್ಟಿತು. ತಾತ ಗೋಡೆ ಹಿಡಿದು ನಿಂತರು.

ಲಕೋಟೆ ಜಾರಿ ಒಳಗಿನ ಪುಟ್ಟ ಫ್ಯಾನಿನ ರೆಕ್ಕೆಗಳ ನಡುವೆ ಸಿಕ್ಕಿಕೊಂಡಿತ್ತು. ಫ್ಯಾನು ತಿರುಗದೆ ಯಂತ್ರ ತಾನಾಗಿಯೇ ಆರುತ್ತಿತ್ತು. ಮಗಳು ಅದನ್ನು ಎಳೆದು ಎತ್ತಿ ಹಿಡಿದಳು. "ಇದನ್ನ ಯಾರು ಇಲ್ಲಿ ತುರುಕಿದ್ದು?"

"ನನ್ನ ಮುಖ ಏನು ನೋಡ್ತೀಯಾ?" ಎಂದಳು ಹೆಂಡತಿ. "ಆ ಡಬ್ಬನ ನಾನು ಮುಟ್ಟಲ್ಲ."

"ಮರೀ, ನಿನ್ನ ಕೆಲಸಾನಾ ಇದು?" ಎಂದು ಮಗಳು ಮಗುವಿನತ್ತ ತಿರುಗಿದಳು.

"ನಾನಲ್ಲ! ದೇವರಾಣೆ ನಾನಲ್ಲ!" ಮೂಲೆಯಲ್ಲಿ ಷೂ ಹಾಕಿಕೊಳ್ಳುತ್ತಿದ್ದ ಮಗುವಿನ ತುಟಿ ಅದುರಿತು.

ತಾತ ಬಾಯಿ ಬಿಡಲಿಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು, ಆಡಲಿಲ್ಲ. ಮೂವತ್ತೊಂದು ವರ್ಷದ ಗೀರಿಲ್ಲದ ಮನುಷ್ಯ ಏಳು ವರ್ಷದ ಕೂಸಿನ ಬೆನ್ನ ಹಿಂದೆ ಅಡಗಿದ್ದರು.

ಮಗಳಿಗೆ ವಿಚಾರಣೆಗೆ ಪುರುಸೊತ್ತಿರಲಿಲ್ಲ. ಲಕೋಟೆಯನ್ನು ಮೇಜಿನ ತುದಿಗೆ ಎಸೆದು ಬಟನ್ ಒತ್ತಿದಳು. ಫ್ಯಾನು ತಿರುಗಿತು, ಪರದೆ ಬೆಳಗಿತು, ನಕ್ಷೆ ಇದ್ದಲ್ಲೇ ಇತ್ತು. ಅವಳು ಉಸಿರುಬಿಟ್ಟು ಕೆಲಸಕ್ಕೆ ಕೂತಳು. ತಾತನಿಗೂ ಹೋದ ಜೀವ ಬಂದಂತಾಯಿತು. ಸದ್ದಿಲ್ಲದೆ ಲಕೋಟೆಯನ್ನು ಜೇಬಿಗಿಳಿಸಿ, ಮುಖ ತೊಳೆದು, ಮೊಳೆಗೆ ತೂಗುಹಾಕಿದ್ದ ಬಸ್ಸಿನ ಕೀ ತೆಗೆದುಕೊಂಡರು.

"ಬಾ ಮರಿ, ಹೊರಡೋಣ. ಇವತ್ತು ಎಷ್ಟು ಪಾಯಿಂಟ್ ಮಾಡ್ತೀಯೋ ನೋಡೋಣ."

ಮಗು ಇನ್ನೂ ಮೂಗು ಒರೆಸಿಕೊಳ್ಳುತ್ತಿತ್ತು. "ಇವತ್ತು ಆಟ ಬೇಡ ತಾತ. ನಾನು ಹಿಂದಿನ ಸೀಟಲ್ಲಿ ನನ್ನ ಫ್ರೆಂಡ್ ಜೊತೆ ಕೂತ್ಕೋತೀನಿ."

ತಾತ ಹೊಸ್ತಿಲಲ್ಲೇ ನಿಂತರು. ಎದುರಿಗೆ ಹಳದಿ ಬಸ್ಸು ತೊಳೆದು ನಿಲ್ಲಿಸಿದ ಹಾಗೆಯೇ ಇತ್ತು. ಹತ್ತೊಂಬತ್ತು ತಿರುವು, ಎರಡು ಅಡ್ಡರಸ್ತೆ, ಶಾಲೆಯ ಗೇಟಿನ ಹತ್ತಿರ ಮಕ್ಕಳ ಗುಂಪು. ಇಷ್ಟು ಹೊತ್ತು ಅವರಿಗಿದ್ದದ್ದು ಸಿಕ್ಕಿಬೀಳುವ ಭಯ. ಈಗ ಬಂದ ಭಯವೇ ಬೇರೆ.

ಅವರು ಹಿಂದಿರುಗಿ ಬಂದು ಕೀಯನ್ನೂ ಲಕೋಟೆಯನ್ನೂ ಮಗಳ ಮುಂದೆ ಇಟ್ಟರು.

"ಇದು ನಂದು. ನಾನೇ ಇಟ್ಟಿದ್ದು. ಓದು."

"ನಕ್ಷೆ ಕಳಿಸಿ ಓದ್ತೀನಪ್ಪ."

"ಇಲ್ಲ, ಈಗಲೇ ಓದು. ಓದಿ ಶಾಲೆಗೆ ಫೋನ್ ಮಾಡು, ಬೇರೆ ಡ್ರೈವರನ್ನ ಕಳಿಸಲಿ. ಮಗು ಏನೂ ಮಾಡಿಲ್ಲ."

ಮಗಳು ಓದುತ್ತ ಹೋದಂತೆ ಅವಳ ಮುಖ ಬಿಳಿಚಿಕೊಂಡಿತು. ಹೆಂಡತಿ "ಏನ್ರೀ ಅದು, ಏನದು?" ಎಂದು ಹತ್ತಿರ ಬಂದಳು. ತಾತ ಕುರ್ಚಿಯಲ್ಲಿ ಕುಸಿದು ಕಣ್ಣೀರು ಒರೆಸಿಕೊಂಡರು.

"ತಾತ, ಯಾಕೆ ಅಳ್ತಿದ್ದೀಯಾ?"

ದನಿ ಎಲ್ಲಿಂದ ಬಂತೆಂದು ಅವರು ಬಲಕ್ಕೆ ನೋಡಿದರು, ಬಾಗಿಲ ಕಡೆ ನೋಡಿದರು. ಮಗು ಅವರ ಎಡಗಡೆ, ತೊಡೆಗೆ ತಾಗುವಷ್ಟು ಹತ್ತಿರ ನಿಂತಿತ್ತು.