ಗಂಡನ ಬಾಯಿಗೆ ಬೀಡಿ

ಹುಲಿಗವ್ವನ ಮದುವೆಯಾಗಿ ಒಂಬತ್ತು ವರ್ಷ, ಮಡಿಲು ಇನ್ನೂ ಬರಿದು. ಮೈದುನ ಮಲ್ಲೇಶನ ಹೆಂಡತಿ ಗೀತಾ ಈ ಮನೆಗೆ ಬಂದು ಒಂದೂವರೆ ವರ್ಷವಾಗಿಲ್ಲ, ಆಗಲೇ ಐದು ತಿಂಗಳ ಬಸುರಿ. ಅವಳು ನಿಂತರೆ ಜಂಬ, ಕೂತರೆ ಸೊಕ್ಕು ಎಂದು ಹುಲಿಗವ್ವನ ಕಣ್ಣಿಗೆ ಕಾಣುತ್ತಿತ್ತು. ಪಾಪ, ಹುಡುಗಿ ಬರೀ ಸುಸ್ತಾಗಿ ಕೂತಿರುತ್ತಿದ್ದಳು.

ಹುಲಿಗವ್ವನಿಗೂ ಒಂದು ಹೆಮ್ಮೆ ಇತ್ತೆನ್ನಿ. ಮರಳಿ ಊರಿನ ಭತ್ತದ ಗದ್ದೆಯಲ್ಲಿ ಗಂಡ ದುರುಗಪ್ಪನ ಕೈ ದಿನವಿಡೀ ಕೆಸರಲ್ಲಿ. ಅವನಿಗೆ ಬೀಡಿ ಬೇಕಾದಾಗ ಅವಳೇ ಬದುವಿನ ಮೇಲೆ ಕೂತು, ತನ್ನ ತುಟಿಗಿಟ್ಟು, ಎರಡು ದಮ್ಮು ಎಳೆದು ಹೊತ್ತಿಸಿ ಅವನ ಬಾಯಿಗಿಡುತ್ತಿದ್ದಳು. ದಿನಕ್ಕೆ ಹತ್ತು ಹನ್ನೆರಡು. ನಾಟಿ ಹೆಂಗಸರು ನಕ್ಕರೆ ಇನ್ನಷ್ಟು ಬೀಗುತ್ತಿದ್ದಳು. ಮಕ್ಕಳಿಲ್ಲದಿದ್ದರೇನು, ಗಂಡನ ಹತ್ತಿರ ಇಂಥ ಸಲಿಗೆ ಯಾರಿಗಿದೆ?

ಮುಟ್ಟು ಮೂರು ತಿಂಗಳಿಗೊಮ್ಮೆ ಆಗತೊಡಗಿದ ಮೇಲೆ ಗಂಗಾವತಿಯ ಡಾಕ್ಟರಮ್ಮನ ಹತ್ತಿರ ಹೋದಳು. ಬೀಡಿ ಸೇದುತ್ತೀಯಾ ಎಂದು ಕೇಳಿದ್ದಕ್ಕೆ, ಇಲ್ಲ, ಗಂಡನಿಗೆ ಹಚ್ಚಿಕೊಡುತ್ತೇನೆ ಅಷ್ಟೇ ಎಂದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹಾಗೆ ಹಚ್ಚುವುದೂ ಸೇದಿದಂತೆಯೇ, ಆ ಹೊಗೆ ಹೆಣ್ಣಿನ ಹಾರ್ಮೋನುಗಳನ್ನು ಏರುಪೇರು ಮಾಡಬಹುದು, ಬಸಿರು ನಿಲ್ಲುವುದನ್ನು ತಡಮಾಡಬಹುದು, ಹೊಟ್ಟೆಯಲ್ಲಿರುವ ಕೂಸಿಗೂ ಕೇಡು ಎಂದರು. ನಿನಗೆ ಅದೊಂದೇ ಕಾರಣವೆಂದು ಪರೀಕ್ಷೆ ಮಾಡದೆ ಹೇಳಲಾಗದು, ಗಂಡನನ್ನೂ ಕರೆದುಕೊಂಡು ಬಾ, ಮೊದಲು ಇಬ್ಬರೂ ಬೀಡಿ ಬಿಡಿ ಎಂದು ಕಳಿಸಿದರು.

ಮರುದಿನ ಗದ್ದೆಯಲ್ಲಿ ದುರುಗಪ್ಪ ಬೀಡಿಗೆಂದು ಬಾಯಿ ತೆರೆದಾಗ ಅವಳು ಮುಖ ತಿರುವಿದಳು. ತಿರುವಿದ ಕಡೆಗೇ, ಎದುರಿನ ಬದುವಿನ ಮೇಲೆ, ಬುತ್ತಿ ತಂದಿದ್ದ ಗೀತಾ, ಕೆಸರಲ್ಲಿ ನಿಂತಿದ್ದ ಮಲ್ಲೇಶನ ಬೀಡಿಯನ್ನು ತುಟಿಗಿಟ್ಟುಕೊಂಡು ಕಡ್ಡಿ ಗೀರುತ್ತಿದ್ದಳು. ಹುಲಿಗವ್ವನನ್ನು ನೋಡಿಯೇ ಕಲಿತದ್ದು.

ಹುಲಿಗವ್ವನ ಎದೆ ಉರಿಯಿತು. ಕೂಸೂ ಅವಳಿಗೇ, ಈಗ ಇದೂ ಅವಳಿಗೇ. ಸೇದಲಿ ಬಿಡು, ನನ್ನ ಗಂಟೇನು ಹೋಯಿತು ಎಂದುಕೊಂಡಳು. ಗೀತಾ ಮೊದಲ ದಮ್ಮು ಎಳೆದಳು, ಕೆಮ್ಮಿದಳು, ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. ಹುಲಿಗವ್ವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಕೆಸರು ತುಳಿಯುತ್ತ ಓಡಿಹೋಗಿ, ಅವಳ ತುಟಿಯಿಂದ ಬೀಡಿ ಕಿತ್ತು ನೀರಿಗೆಸೆದಳು.

ಗೀತಾಳ ಕಣ್ಣು ತುಂಬಿ ಬಂತು. “ನನ್ನ ಮ್ಯಾಲ ಇಷ್ಟ್ಯಾಕ ಹೊಟ್ಟಿಕಿಚ್ಚು, ಅಕ್ಕಾ?”

“ಐತವಾ, ಭಾಳ ಐತಿ,” ಎಂದಳು ಹುಲಿಗವ್ವ, ಏದುಸಿರು ಬಿಡುತ್ತ. “ನಿನ್ನ ಮ್ಯಾಲ ಐತಿ. ಕೂಸಿನ ಮ್ಯಾಲ ಇಲ್ಲ.”