ಆಕ್-ಬುಲಾಕಿನಲ್ಲಿರುವ ತಂಗಿ

ದೋಲೋನ್ ಘಟ್ಟದ ನೆತ್ತಿಗೆ ಇನ್ನು ನಾಲ್ಕು ತಿರುವು ಇರುವಾಗ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ ಬಾನೆಟ್ಟಿನೊಳಗೆ ಪಟಪಟ ಸದ್ದಾಯಿತು. ಜೂರಾಕಾನ್ ಕಣ್ಣು ಹಾಯಿಸುವಷ್ಟರಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿಕೊಂಡಿತ್ತು. ಪಕ್ಕದಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ನೋಡನೋಡುತ್ತಿದ್ದಂತೆ ಮೇಲಕ್ಕೆ ಏರತೊಡಗಿತು.

"ಫ್ಯಾನ್ ಬೆಲ್ಟ್," ಎಂದಳು ಗಟ್ಟಿಯಾಗಿ. ಕಾರಿನಲ್ಲಿ ಬೇರೆ ಯಾರೂ ಇರಲಿಲ್ಲ.

ರಸ್ತೆಯಂಚಿನ ಜಲ್ಲಿಗೆ ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದಳು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ಡಿಕ್ಕಿಯಿಂದ ಕೆಂಪು ತ್ರಿಕೋನ ತೆಗೆದು, ಮೂವತ್ತು ಹೆಜ್ಜೆ ಎಣಿಸಿ ಹಿಂದೆ ನಿಲ್ಲಿಸಿ ಬಂದಳು. ಎಲ್ಲವೂ ಪಾಠದಲ್ಲಿದ್ದ ಕ್ರಮದಲ್ಲೇ. ಪಾಠ ಅವಳದೇ.

ನಾರಿನ್ ಊರಿನ ಡ್ರೈವಿಂಗ್ ಶಾಲೆಯಲ್ಲಿ ಜೂರಾಕಾನ್ ಮೂವತ್ತೊಂದು ವರ್ಷ ವಾಹನದ ದುರಸ್ತಿ ಕಲಿಸಿದವಳು. ಅವಳ ತರಗತಿಯಲ್ಲಿ ಉದ್ದುದ್ದಕ್ಕೆ ಸೀಳಿ ಬಣ್ಣ ಬಳಿದ ಎಂಜಿನ್ನೊಂದಿತ್ತು; ನೀರಿನ ದಾರಿಗೆ ನೀಲಿ, ಎಣ್ಣೆಯ ದಾರಿಗೆ ಹಳದಿ. ಕೋಲಿನ ತುದಿಯಿಂದ ಅದನ್ನು ಮುಟ್ಟಿ ಮುಟ್ಟಿ ತೋರಿಸುತ್ತಲೇ ಆ ಸೀಮೆಯ ಅರ್ಧಕ್ಕರ್ಧ ಲಾರಿ ಚಾಲಕರನ್ನು ರಸ್ತೆಗೆ ಕಳಿಸಿದ್ದಳು. ತನಗೆಂದು ಕಾರು ಇರಲಿಲ್ಲ. ಇಪ್ಪತ್ತನಾಲ್ಕರಲ್ಲಿ ತೆಗೆದ ಲೈಸೆನ್ಸು ಪೆಟ್ಟಿಗೆಯ ತಳದಲ್ಲೇ ಮಲಗಿತ್ತು. ತಾಯಿ ಹಾಸಿಗೆ ಹಿಡಿದಳು, ಮದುವೆಯ ಮಾತು ಅಲ್ಲಿಗೇ ನಿಂತಿತು. ತಾಯಿಯೂ ಹೋಗಿ, ನಿವೃತ್ತಿಯೂ ಆಗಿ, ಎರಡು ಕೋಣೆಯ ಮನೆಯಲ್ಲಿ ಗಡಿಯಾರದ ಸದ್ದು ಮಾತ್ರ ಉಳಿದ ಮೇಲೆ, ಕೆಳಮನೆಯ ದಂತವೈದ್ಯ ತನ್ನ ಹಳೆಯ ಬಿಳಿ ಕಾರನ್ನು ಮಾರುತ್ತೇನೆಂದ. ಅವಳು ಕೊಂಡಳು. ಬೇಸಿಗೆಯೆಲ್ಲ ಊರೊಳಗೇ ಸುತ್ತಿದಳು. ಸೆಪ್ಟೆಂಬರಿನ ಕೊನೆಯ ಶನಿವಾರ ಬೇಯಿಸಿದ ಮೊಟ್ಟೆ, ಒಂದು ರೊಟ್ಟಿ, ಫ್ಲಾಸ್ಕಿನಲ್ಲಿ ಚಹಾ ಕಟ್ಟಿಕೊಂಡು ಹೊರಟಳು. ಇಂಥಲ್ಲಿಗೆ ಅಂತೇನಿಲ್ಲ. ಘಟ್ಟದ ಆಚೆ ಬದಿಯನ್ನು ಬಸ್ಸಿನ ಕಿಟಕಿಯಿಂದಲ್ಲದೆ ಸ್ಟೇರಿಂಗಿನ ಹಿಂದೆ ಕೂತು ಒಮ್ಮೆ ನೋಡಬೇಕು, ತಿರುಗಿ ಬರಬೇಕು, ಅಷ್ಟೇ.

ಬಿಡಿ ಬೆಲ್ಟ್ ಇಲ್ಲದೆ ಘಟ್ಟ ಹತ್ತಬೇಡಿ ಎಂದು ಮೂವತ್ತೊಂದು ವರ್ಷ ಹೇಳಿದ್ದಳು. ಅವಳ ಡಿಕ್ಕಿಯಲ್ಲಿ ಬಿಡಿ ಬೆಲ್ಟ್ ಇರಲಿಲ್ಲ. "ಹೋದ ವರ್ಷ ತಾನೇ ಹೊಸದು ಹಾಕಿಸಿದ್ದೀನಿ," ಎಂದ ದಂತವೈದ್ಯನ ಮಾತನ್ನು ಹಾಗೇ ನಂಬಿದ್ದಳು.

ಎಂಜಿನ್ ಆರಲು ಅರ್ಧ ಗಂಟೆ ಕಾದಳು. ಗಾಳಿ ಬಾನೆಟ್ಟನ್ನು ಅಲ್ಲಾಡಿಸುತ್ತಿತ್ತು. ಎರಡು ಕಾರು ಹಾದುಹೋದವು. ಒಂದು ಹಾರ್ನ್ ಹೊಡೆಯಿತು, ಇನ್ನೊಂದು ಅದನ್ನೂ ಮಾಡಲಿಲ್ಲ. ಬೆಲ್ಟಿನ ಚೂರುಗಳನ್ನು ಬೆರಳಿನಿಂದ ಹೆಕ್ಕಿ ತೆಗೆದಳು. ಆಮೇಲೆ ಸುತ್ತಲೂ ನೋಡಿ, ಹಿಂದಿನ ಸೀಟಿಗೆ ಹೋಗಿ ಬಾಗಿಲು ಹಾಕಿಕೊಂಡು, ಉದ್ದನೆಯ ನೈಲಾನ್ ಕಾಲುಚೀಲಗಳನ್ನು ಕಳಚಿದಳು. ಬೆಲ್ಟಿನ ಬದಲು ಕಾಲುಚೀಲ ಕಟ್ಟಿಕೊಂಡು ಊರು ಸೇರಬಹುದೆಂದು ಅವಳು ತರಗತಿಯಲ್ಲಿ ಹೇಳಿದಾಗಲೆಲ್ಲ ಗಂಡಸರು ಹಲ್ಲು ಕಿರಿಯುತ್ತಿದ್ದರು. "ನಮ್ಮ ಹತ್ರ ಎಲ್ಲಿರುತ್ತೆ?" ಎಂದು ಪ್ರತಿ ವರ್ಷ ಒಬ್ಬನಾದರೂ ಕೇಳುತ್ತಿದ್ದ.

ಹೇಳುವುದು ಬೇರೆ, ಕೈಯಲ್ಲಿ ಮಾಡುವುದು ಬೇರೆ ಎನ್ನುವುದು ಈಗ ತಿಳಿಯಿತು. ಸೀಳಿದ ಎಂಜಿನ್ನಿನಲ್ಲಿ ಕೈ ತೂರಲು ಜಾಗವಿತ್ತು, ಇಲ್ಲಿ ಇರಲಿಲ್ಲ. ಗೆಣ್ಣು ತರಚಿತು, ಉಗುರು ಮುರಿಯಿತು. ಹೇಗೋ ಗಂಟು ಹಾಕಿ ಎಂಜಿನ್ ಚಾಲೂ ಮಾಡಿದಳು. ಮೂರು ಸುತ್ತಿಗೇ ಗಂಟು ಸಿಕ್ಕಿಕೊಂಡು ಕಾಲುಚೀಲ ಹರಿದು ಫ್ಯಾನಿಗೆ ಸುತ್ತಿಕೊಂಡಿತು. ಉಳಿದದ್ದು ಇನ್ನೊಂದು. ಅದನ್ನು ಹಿಡಿದುಕೊಂಡು ಬರಿಗಾಲಿಗೆ ಬೂಟು ಹಾಕಿ ನಿಂತಳು. ಫೋನ್ ಕೈಯಲ್ಲಿತ್ತು, ಸಿಗ್ನಲ್ಲೂ ಇತ್ತು. ಯಾರಿಗೆ ಮಾಡಬೇಕು ಎಂದು ಹೆಸರುಗಳನ್ನು ಮೇಲಿಂದ ಕೆಳಗೆ ಸರಿಸಿ ನೋಡಿದಳು. ಔಷಧಿ ಅಂಗಡಿ, ದಂತವೈದ್ಯ, ತೀರಿಹೋದ ತಾಯಿಯ ನರ್ಸು.

ಆಲೂಗಡ್ಡೆ ತುಂಬಿದ ಲಾರಿಯೊಂದು ಏದುಸಿರು ಬಿಡುತ್ತ ತಿರುವು ಹತ್ತಿ ಬಂದು, ಅವಳನ್ನು ದಾಟಿ ಸ್ವಲ್ಪ ಮುಂದೆ ನಿಂತಿತು. ನಲವತ್ತರ ಆಸುಪಾಸಿನ ದಪ್ಪ ಮೀಸೆಯವನು ಧುಮುಕಿ ಬಂದ. ಬರುತ್ತ ಬರುತ್ತಲೇ ಅವನ ಮುಖ ಅರಳಿತು.

"ಎಜೆಕೆ!" ಎಂದ, ಟೀಚರಮ್ಮನನ್ನು ಕರೆಯುವ ಮಾತಿನಲ್ಲೇ. "ಏನ್ರೀ ಇದು, ಘಟ್ಟದ ಮೇಲೂ ಪಾಠ ಶುರು ಮಾಡಿದ್ರಾ?"

"ಯಾರಪ್ಪ ನೀನು?"

"ಎಸೆನ್. ಮೂರು ಸಲ ಫೇಲ್ ಮಾಡಿದ್ರಲ್ಲ, ಮರೆತೇಬಿಟ್ರಾ? ನಮ್ಮಪ್ಪ ಕುರಿ ಹಿಡ್ಕೊಂಡು ನಿಮ್ಮನೆಗೆ ಬಂದಿದ್ದ. ಕುರೀನೂ ವಾಪಸ್, ನಾನೂ ವಾಪಸ್."

ನೆನಪಾಯಿತು. "ಬಿಸಿ ರೇಡಿಯೇಟರಿನ ಮುಚ್ಚಳ ತೆಗೀತೀನಿ ಅಂದೋನು ನೀನೇ ಅಲ್ವಾ?"

"ನಾನೇ. ಎರಡು ಸಲ ಅಂದೆ. ಮೂರನೇ ಸಲ ಬೇರೆ ಏನೋ ಅಂದೆ." ಅವನು ಅವಳ ಕೈಯಲ್ಲಿದ್ದ ಕಾಲುಚೀಲ ನೋಡಿದ, ಅವಳ ಬರಿಯ ಕಣಕಾಲನ್ನು ನೋಡಿ ಮರ್ಯಾದೆಯಿಂದ ಬೇರೆ ಕಡೆ ತಿರುಗಿದ. "ಕೊಡಿ ಇಲ್ಲಿ, ಕಟ್ತೀನಿ."

"ನಾನೇ ಕಟ್ತೀನಿ. ನೀನು ಬಿಗಿಯಾಗಿ ಹಿಡ್ಕೋ."

"ಹಾಗಲ್ಲ ಎಜೆಕೆ, ಮೊದ್ಲು ಒದ್ದೆ ಮಾಡಿ. ಹಗ್ಗದ ಥರ ಹೊಸೀರಿ. ಡೈನಮೋಗೆ ಹಾಕ್ಬೇಡಿ, ನೀರಿನ ಪಂಪಿಗೆ ಮಾತ್ರ ಸಾಕು. ಬೆಳಕಿದೆ, ದೀಪ ಹಾಕ್ಬೇಕಿಲ್ಲ, ಬ್ಯಾಟರಿ ತಡ್ಕೊಳ್ಳುತ್ತೆ."

"ಇದು ನನ್ನ ಪುಸ್ತಕದಲ್ಲಿ ಇಲ್ಲ."

"ನಿಮ್ಮ ಪುಸ್ತಕಕ್ಕೆ ಯಾವತ್ತು ಚಳಿ ಆಗಿತ್ತು?" ಎಂದು ನಕ್ಕ.

ಅವನು ಬೆರಳಿಟ್ಟ ಕಡೆ ಅವಳು ಗಂಟು ಬಿಗಿದು ತುದಿಗಳನ್ನು ಕತ್ತರಿಸಿದಳು. ರೇಡಿಯೇಟರಿಗೆ ಇಬ್ಬರ ಬಾಟಲಿಯ ನೀರೂ ಹೋಯಿತು. ಎಂಜಿನ್ ಚಾಲೂ ಆದಾಗ ಕಾಲುಚೀಲ ಗುಂಯ್ ಎನ್ನುತ್ತ ತಿರುಗಿತು, ಹರಿಯಲಿಲ್ಲ.

"ನಿಧಾನಕ್ಕೆ ಹೋಗಿ. ನಾಲ್ಕು ತಿರುವು ದಾಟಿದ್ರೆ ಆಮೇಲೆಲ್ಲ ಇಳಿಜಾರೇ. ಎಲ್ಲಿಗೆ ಹೊರಟಿದ್ರಿ, ಯಾರ ಮನೆಗೆ?"

ತುಂಬ ಸಾದಾ ಪ್ರಶ್ನೆ. ಈ ರಸ್ತೆಯಲ್ಲಿ ಎಲ್ಲರೂ ಯಾರದೋ ಮನೆಗೆ ಹೋಗುತ್ತಿರುವವರೇ. ಮದುವೆಗೆ, ಸಾವಿಗೆ, ಮಗು ನೋಡಲು. ಸುಮ್ಮನೆ ಹೊರಟೆ ಎನ್ನಲು ಅವಳ ನಾಲಗೆ ಏಳಲಿಲ್ಲ.

"ತಂಗಿ ಮನೆಗೆ. ಚಿಕ್ಕಮ್ಮನ ಮಗಳು. ಆಕ್-ಬುಲಾಕಿನಲ್ಲಿದ್ದಾಳೆ." ಕೆಳಗೆ ಇಳಿದರೆ ಸಿಗುವ ಮೊದಲ ಹಳ್ಳಿ ಅದೇ.

"ಒಳ್ಳೇದಾಯ್ತು. ಬಾಗಿಲವರೆಗೂ ಹಿಂದೇನೇ ಬರ್ತೀನಿ."

"ಬೇಡಪ್ಪ, ನಿನಗೆ ತಡ ಆಗುತ್ತೆ."

"ಆಲೂಗಡ್ಡೆಗೆ ಏನು ಅವಸರ?"

ಹಾಗೆ ಮೆರವಣಿಗೆ ಹೊರಟಿತು. ಮುಂದೆ ಬಿಳಿ ಕಾರು, ಹಿಂದೆ ಲಾರಿ. ಆಚೆ ಬದಿಯ ಹಳದಿ ಹುಲ್ಲು, ನದಿ, ಹೊಸ ಹಿಮ ಬಿದ್ದ ಬೆಟ್ಟ, ಯಾವುದನ್ನೂ ಜೂರಾಕಾನ್ ಸರಿಯಾಗಿ ನೋಡಲಿಲ್ಲ. ಅವಳ ಕಣ್ಣೆಲ್ಲ ಕನ್ನಡಿಯಲ್ಲಿದ್ದ ಲಾರಿಯ ಮೇಲೇ. ಹಳ್ಳಿಗೆ ತಿರುಗುವಲ್ಲಿ ಅವನು ಹಾರ್ನ್ ಹೊಡೆದು ನೇರ ಹೋಗುತ್ತಾನೆ ಎಂದುಕೊಂಡಳು. ಅವನೂ ತಿರುಗಿದ. ಮೊದಲ ಓಣಿ ದಾಟಿದಳು, ಎರಡನೆಯದು ದಾಟಿದಳು. ಹಳ್ಳಿ ಮುಗಿಯುತ್ತ ಬಂತು. ಕೊನೆಗೆ ಹೊಗೆಗೂಡಿನಲ್ಲಿ ಹೊಗೆಯಾಡುತ್ತಿದ್ದ ಒಂದು ಮನೆಯ ನೀಲಿ ಗೇಟಿನೆದುರು ನಿಲ್ಲಿಸಿದಳು. ಇಳಿದು ಲಾರಿಯತ್ತ ಕೈಬೀಸಿದಳು. ಎಸೆನ್ ಕಿಟಕಿಯಿಂದ ತಲೆ ಹೊರಹಾಕಿ, "ಬಾಗಿಲು ತಟ್ಟಿ, ಇದ್ದಾರೋ ಇಲ್ವೋ ನೋಡ್ಕೊಂಡೇ ಹೋಗ್ತೀನಿ," ಎಂದ.

ತಟ್ಟಿದಳು. ಗೇಟು ತೆರೆದವಳು ಅವಳದೇ ವಯಸ್ಸಿನ ಅಗಲ ಮೈಯ ಹೆಂಗಸು, ಮೊಣಕೈವರೆಗೆ ಹಿಟ್ಟು.

"ಕ್ಷಮಿಸಿ," ಎಂದಳು ಜೂರಾಕಾನ್ ಪಿಸುದನಿಯಲ್ಲಿ. "ನೀವು ನನ್ನ ತಂಗಿ ಅಂತ ಆ ಹುಡುಗನಿಗೆ ಸುಳ್ಳು ಹೇಳಿದ್ದೀನಿ. ಅವನು ಹೋಗೋವರೆಗೆ ಇಲ್ಲಿ ನಿಂತ್ಕೊಳ್ಳಲಾ?"

ಆ ಹೆಂಗಸು ಲಾರಿ ನೋಡಿದಳು, ಕಾರು ನೋಡಿದಳು, ಬೂಟಿನ ಮೇಲೆ ಚಳಿಗೆ ಕೆಂಪಾದ ಬರಿಯ ಕಣಕಾಲು ನೋಡಿದಳು. ಎರಡೂ ಕೈ ಎತ್ತಿ ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು: "ಈಗ ಬಂದ್ಯಾ! ಬೆಳಿಗ್ಗೆಯಿಂದ ಕಾದೂ ಕಾದೂ ಕಣ್ಣು ನೋವು ಬಂತಲ್ಲೇ! ನಡಿ ಒಳಗೆ!" ಹಾಗೆನ್ನುತ್ತ ಅಪ್ಪಿಕೊಂಡೂ ಬಿಟ್ಟಳು. ಜೂರಾಕಾನಳ ಕೋಟಿನ ಬೆನ್ನಿಗೆಲ್ಲ ಹಿಟ್ಟು. ತಾಯಿ ಹೋದ ಮೇಲೆ ಯಾರೂ ಅವಳನ್ನು ಹಾಗೆ ಅಪ್ಪಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಳು.

ಎಸೆನ್ ಒಂದು ಚೀಲ ಆಲೂಗಡ್ಡೆ ಇಳಿಸಿ ಗೇಟಿಗೆ ಒರಗಿಸಿದ. "ಅಕ್ಕತಂಗಿ ಇಬ್ಬರೂ ಹಂಚ್ಕೊಳ್ಳಿ," ಎಂದು ಲಾರಿ ಹಿಂದೆ ತೆಗೆದುಕೊಂಡು ಹೋದ.

ಹೆಂಗಸಿನ ಹೆಸರು ಬುರುಲ್. ಹೋಗುತ್ತೇನೆಂದರೆ ಬಿಡಲಿಲ್ಲ. ಒಳಗೆ ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಕೂರಿಸಿ, ಚಹಾ ಬಗ್ಗಿಸಿ, ಬಿಸಿ ರೊಟ್ಟಿಯ ಮೇಲೆ ಕೆನೆ ಸುರಿದು ಕೊಟ್ಟಳು.

"ಅವನು ನಿನಗೆ ಏನಾಗ್ಬೇಕು? ಮಗನ ಹಾಗೆ ನಿಂತು ಕಾಯ್ತಿದ್ದನಲ್ಲ."

"ಏನೂ ಆಗ್ಬೇಕಿಲ್ಲ. ನಾನು ಮೂರು ಸಲ ಫೇಲ್ ಮಾಡಿದ ಶಿಷ್ಯ."

ಬುರುಲ್ ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು: "ಮತ್ತೆ ಸುಳ್ಳು ಯಾಕೆ ಹೇಳಿದೆ?"

"ಎಲ್ಲಿಗೂ ಹೊರಟಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು."

ಬುರುಲ್ ಅವಳ ಮುಖವನ್ನೇ ನೋಡಿದಳು. ಏನೋ ಹೇಳಲು ಹೊರಟಿದ್ದಳು. ಅಷ್ಟರಲ್ಲಿ ಇಬ್ಬರು ಸೊಸೆಯರು ಬಂದರು, ಪಕ್ಕದ ಮನೆಯವಳು ಬಂದಳು, ಫೋನ್ ಎರಡು ಸಲ ಬಡಿದುಕೊಂಡಿತು. ಯಾರದೋ ನಿಶ್ಚಿತಾರ್ಥ, ಯಾರದೋ ಹಸು ಹಾಕಿದ ಕರು, ಗುಲ್ಜಾನಳ ಗಂಡ ಹೀಗಂದನಂತೆ, ಅದಕ್ಕೆ ಗುಲ್ಜಾನ್ ಹೀಗಂದಳಂತೆ. ಎಲ್ಲರೂ ನಕ್ಕಾಗ ಜೂರಾಕಾನಳೂ ನಕ್ಕಳು. ಗುಲ್ಜಾನ್ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಬಟ್ಟಲು ಖಾಲಿಯಾಗಲು ಯಾರೂ ಬಿಡಲಿಲ್ಲ, ತಟ್ಟೆಗೆ ಒಂದಾದ ಮೇಲೊಂದು ಬೀಳುತ್ತಲೇ ಇತ್ತು. ಆದರೂ ಅಷ್ಟು ಜನರ ನಡುವೆ ತನ್ನ ಎರಡು ಕೋಣೆಯ ಮನೆಗಿಂತ ಹೆಚ್ಚಿನ ಒಂಟಿತನ ಅವಳನ್ನು ಹಿಡಿಯಿತು. ಆ ಮನೆಯಲ್ಲಾದರೆ ಹೋಲಿಸಿ ನೋಡಲು ಏನೂ ಇರಲಿಲ್ಲ.

ಹಳ್ಳಿಯ ಅಂಗಡಿಯಲ್ಲಿ ಆ ಕಾರಿನ ಬೆಲ್ಟ್ ಸಿಗುತ್ತದೆ ಎಂದು ದೊಡ್ಡ ಸೊಸೆ ಹೇಳಿದಳು. ಜೂರಾಕಾನ್ ನಡೆದು ಹೋಗಿ ಎರಡು ಕೊಂಡು ತಂದಳು. ಗೇಟಿನೆದುರೇ ಬಾನೆಟ್ ಎತ್ತಿ, ಕಾಲುಚೀಲ ಕತ್ತರಿಸಿ ತೆಗೆದು, ಡೈನಮೋ ಬೋಲ್ಟು ಸಡಿಲಿಸಿ, ಹೊಸ ಬೆಲ್ಟ್ ಕೂರಿಸಿದಳು. ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಬೆರಳಗಲ ತಗ್ಗಿತು, ಅಷ್ಟೇ ಇರಬೇಕು. ಈ ಸಲ ಕೈ ತಡವರಿಸಲಿಲ್ಲ. ಮಾಡಿ ಮುಗಿಸಿ ತಲೆಯೆತ್ತಿದಾಗ ಬುರುಲ್ ಪಕ್ಕದಲ್ಲಿ ನಿಂತಿದ್ದಳು, ಕೈಯಲ್ಲಿ ಒಂದು ಜೊತೆ ಉಣ್ಣೆಯ ಕಾಲುಚೀಲ.

"ಹಾಕ್ಕೋ. ರಾತ್ರಿ ಉಳ್ಕೊಂಡು ಹೋಗು, ಜಾಗಕ್ಕೇನು ಬರವಿಲ್ಲ."

"ಬೇಡ, ಬೆಳಕಿರೋವಾಗಲೇ ಘಟ್ಟ ದಾಟ್ತೀನಿ."

"ಈ ಕಡೆ ಬಂದಾಗ ಬಾ ಮತ್ತೆ."

"ಬರ್ತೀನಿ."

ಇಬ್ಬರೂ ಮನಸ್ಸಿನಿಂದಲೇ ಹೇಳಿದರು. ಮತ್ತೆ ಈ ಗೇಟು ತಟ್ಟುವ ಧೈರ್ಯ ತನಗೆ ಬರುವುದಿಲ್ಲ ಎಂದು ಜೂರಾಕಾನಳಿಗೆ ಓಣಿ ತಿರುಗುವ ಮೊದಲೇ ಗೊತ್ತಾಯಿತು.

ಘಟ್ಟದ ನೆತ್ತಿಯಲ್ಲಿ ದಾರಿ ತುಂಬ ಕುರಿ. ಚಳಿಗಾಲಕ್ಕೆ ಕೆಳಗಿಳಿಯುತ್ತಿದ್ದ ಮಂದೆ ಕಾರಿನ ಎರಡೂ ಬದಿಗೆ ಸೀಳಿ ಹರಿಯಿತು. ಅವಳು ಎಂಜಿನ್ ಆರಿಸಿ ಹೊರಗೆ ಬಂದು ನಿಂತಳು. ಕುದುರೆಯ ಮೇಲಿದ್ದ ಮುದುಕನೊಬ್ಬ ಹತ್ತಿರ ಬಂದು ಲಗಾಮು ಎಳೆದ.

"ಕೆಟ್ಟೋಯ್ತಾ, ಮಗಳೇ?"

"ಇಲ್ಲ, ಚೆನ್ನಾಗೇ ಇದೆ."

"ಯಾರನ್ನಾದ್ರೂ ಕಾಯ್ತಿದ್ಯಾ?"

"ಇಲ್ಲ. ಒಬ್ಬಳೇ. ಸುಮ್ನೆ ನೋಡ್ತಾ ನಿಂತಿದ್ದೀನಿ."

"ನೋಡು, ನೋಡು," ಎಂದ ಮುದುಕ, ಅದರಲ್ಲಿ ವಿಚಿತ್ರವೇನೂ ಇಲ್ಲ ಎಂಬಂತೆ, ಮತ್ತು ಕುದುರೆಯನ್ನು ಮುಂದಕ್ಕೆ ಬಿಟ್ಟ. ಮಂದೆ ದೊಡ್ಡದಿತ್ತು, ದಾಟಿ ಮುಗಿಯಲು ಬಹಳ ಹೊತ್ತು ಹಿಡಿಯಿತು. ಕೊನೆಯದಾಗಿ ಒಂದು ಕುಂಟು ಕುರಿ ಹೋಯಿತು. ಅದೂ ತಿರುವಿನಲ್ಲಿ ಮರೆಯಾದ ಮೇಲೆ ಅವಳು ಕಾರು ಹತ್ತಿ ನಾರಿನ್ ಕಡೆಗೆ ಇಳಿದಳು.