ತೊಟ್ಟಿಕ್ಕುವ ನಲ್ಲಿ

ಬಾಲ್ಮಸೇಡಾ ಹಳ್ಳಿಗೆ ಬಂದ ಮೊದಲ ದಿನವೇ ಮಾರಿತ್ಸಾ ಎರಡು ಸಲ ಜಾರಿ ಬಿದ್ದಳು. ಎರಡನೆಯ ಸಲ ಅವಳನ್ನು ಎಬ್ಬಿಸಿದವರು ಅವಳು ಇಳಿದುಕೊಂಡ ಮನೆಯ ಯಜಮಾನಿ ದೋನ್ಯಾ ಉಬರ್ಲಿಂದಾ. ಅವರು ಒಳಗೆ ಹೋಗಿ, ತೀರಿಕೊಂಡ ಗಂಡನ ಉಣ್ಣೆಯ ಕಾಲುಚೀಲಗಳನ್ನು ತಂದು ಅವಳ ಬೂಟುಗಳ ಮೇಲೆಯೇ ಎಳೆದು ತೊಡಿಸಿದರು. ಉಣ್ಣೆ ಹೆಪ್ಪುಗಟ್ಟಿದ ನೆಲವನ್ನು ಹಿಡಿದುಕೊಂಡಿತು. ಆಮೇಲೆ ಅವಳು ಬೀಳಲಿಲ್ಲ.

ಮಾರಿತ್ಸಾ ದೇಶದ ಉತ್ತರ ತುದಿಯ ಅರೀಕಾದವಳು. ಮಳೆ ಎಂದರೇನೆಂದು ಗೊತ್ತಿಲ್ಲದ ಊರು ಅದು. ಕಿವಿ ಪರೀಕ್ಷಿಸುವುದು ಅವಳ ವೃತ್ತಿ. ದಕ್ಷಿಣದ ಹಳ್ಳಿಗಳ ಮಕ್ಕಳಿಗೆ ಶ್ರವಣಯಂತ್ರ ಹೊಂದಿಸಿ ಬಾ ಎಂದು ಆರೋಗ್ಯ ಇಲಾಖೆ ಅವಳನ್ನು ಅಲ್ಲಿ ಕಡುಚಳಿಗಾಲವಾದ ನಡು ಜುಲೈಯಲ್ಲಿ, ಹಿಮ ಮೊಣಕಾಲುದ್ದ ಬಿದ್ದಿರುವಾಗ, ಕಳಿಸಿತ್ತು. ಯಂತ್ರದ ಬ್ಯಾಟರಿಗಳು ಚಳಿಗೆ ಸತ್ತುಹೋಗುತ್ತಿದ್ದವು. ಅದಕ್ಕೂ ದೋನ್ಯಾ ಉಬರ್ಲಿಂದಾ ದಾರಿ ಹುಡುಕಿದರು. ಬ್ಯಾಟರಿಗಳು ಮೈಕಾವಿನಲ್ಲಿ ಇರಲೆಂದು ಅವಳ ಒಳ ಅಂಗಿಗೆ ಎದೆಯ ಬಳಿ ಒಂದು ಫ್ಲಾನಲ್ ಜೇಬು ಹೊಲಿದುಕೊಟ್ಟರು. ಆದರೆ ತಮ್ಮ ಕಿವಿ ತೋರಿಸಿಕೊಳ್ಳಲು ಮಾತ್ರ ಒಪ್ಪಲಿಲ್ಲ. ಅವರಿಗೆ ಅರ್ಧಕ್ಕರ್ಧ ಕೇಳಿಸುತ್ತಿರಲಿಲ್ಲ. ಊರಿನವರೇ ಈಚೆಗೆ ಗೊಣಗುವುದನ್ನು ಕಲಿತಿದ್ದಾರೆ ಎಂಬುದು ಅವರ ವಾದ.

ಹಳ್ಳಿಯಲ್ಲಿ ಬಾಡಿಗೆಗೆ ಕೋಣೆ ಸಿಗುವುದು ಆ ಮನೆಯಲ್ಲಿ ಮಾತ್ರ. ಅಲ್ಲಿನ ಅಡುಗೆಮನೆಯ ಕಬ್ಬಿಣದ ಸೌದೆ ಒಲೆಯೊಳಗೆ ಸುರುಳಿ ಸುತ್ತಿದ ಕೊಳವೆಯೊಂದಿತ್ತು. ಬಚ್ಚಲಿನ ಬಿಸಿನೀರು ಅದರಿಂದಲೇ ಬರಬೇಕು. ಕೊಳವೆಯ ನೀರು ಹೆಪ್ಪುಗಟ್ಟಿದ್ದಾಗ ಬೆಂಕಿ ಹಚ್ಚಿದರೆ ಒಲೆ ಸಿಡಿಯುತ್ತದೆ, ಹಿಂದಿನ ಬೀದಿಯ ಉಣ್ಣೆ ವ್ಯಾಪಾರಿಯ ಮುಖ ಸುಟ್ಟದ್ದು ಹಾಗೇ ಎಂದು ಮೊದಲ ಸಂಜೆಯೇ ದೋನ್ಯಾ ಅವಳಿಗೆ ಹೇಳಿದ್ದರು. ನಲ್ಲಿಯ ವಿಷಯ ಹೇಳಿರಲಿಲ್ಲ. ಅದು ಗೊತ್ತಿಲ್ಲದವರು ಆ ಊರಿನಲ್ಲಿ ಯಾರೂ ಇರಲಿಲ್ಲ.

ಗಾಳಿ ನಿಂತು ಆಕಾಶ ತೀರಾ ಶುಭ್ರವಾಗಿ, ಚಳಿ ಇನ್ನಷ್ಟು ಬಿಗಿದಿದ್ದ ಒಂದು ರಾತ್ರಿ, ಮಲಗುವ ಮುನ್ನ ಅಡುಗೆಮನೆಗೆ ಹೋದ ಮಾರಿತ್ಸಾಳಿಗೆ ನಲ್ಲಿ ತೊಟ್ಟಿಕ್ಕುತ್ತಿರುವುದು ಕಂಡಿತು. ಅವಳ ಬಾಲ್ಯದಲ್ಲಿ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಮುಖ ತೊಳೆದ ನೀರನ್ನು ಅಮ್ಮ ಆಲಿವ್ ಗಿಡಕ್ಕೆ ಹಾಕುತ್ತಿದ್ದಳು. ನಲ್ಲಿ ಸೋರಲು ಬಿಟ್ಟವರಿಗೆ ಆ ಮನೆಯಲ್ಲಿ ಏಟು ತಪ್ಪುತ್ತಿರಲಿಲ್ಲ. ಪಾಪ, ಅಜ್ಜಿಗೆ ಕೇಳಿಸಿಲ್ಲ ಎಂದುಕೊಂಡು ಅವಳು ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ ನಿಲ್ಲಿಸಿದಳು. ಈ ಮನೆಗೆ ತನ್ನಿಂದಲೂ ಒಂದು ಉಪಕಾರವಾಯಿತು ಎಂಬ ಸಮಾಧಾನದಲ್ಲಿ ಮಲಗಿದಳು.

ಬೆಳಗ್ಗೆ ಬಚ್ಚಲಿನ ನಲ್ಲಿ ತಿರುಗಿಸಿದರೆ ನೀರಿಲ್ಲ. ಅವಳು ಅದನ್ನು ಪೂರ್ತಿ ತಿರುಗಿಸಿ ನೋಡಿದಳು. ಒಂದು ಹನಿಯೂ ಬರಲಿಲ್ಲ. ನಿನ್ನೆ ಅಡುಗೆಮನೆಯ ನಲ್ಲಿಯನ್ನು ಯಾರೂ ಮರೆತು ಬಿಟ್ಟಿರಲಿಲ್ಲ ಎಂಬುದು ಆಗ ಹೊಳೆಯಿತು. ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ.

ಅಡುಗೆಮನೆಯಿಂದ ಒಲೆ ಹಚ್ಚಲು ಪುರಳೆ ಮುರಿಯುವ ಸದ್ದು ಬಂತು.

ಬಾಗಿಲಿಗೆ ಬರುವಷ್ಟರಲ್ಲಿ ಅವಳು ವಾಕ್ಯವನ್ನು ಜೋಡಿಸಿಕೊಂಡಿದ್ದಳು: ಕ್ಷಮೆ ಮೊದಲು, ಕಾರಣ ಆಮೇಲೆ. ಸಾಮಾನು ತೆಗೆದುಕೊಂಡು ಹೊರಡು ಎಂದುಬಿಟ್ಟರೆ ಈ ಹಿಮದಲ್ಲಿ ಎಲ್ಲಿಗೆ ಹೋಗುವುದು, ಬುಧವಾರ ಬರಲಿರುವ ಮಕ್ಕಳ ಗತಿಯೇನು ಎಂಬ ಯೋಚನೆಯೂ ಜೊತೆಯಲ್ಲೇ ಬಂತು. ಆ ವಾಕ್ಯವನ್ನು ಅವಳು ಮೆಲ್ಲಗೆ, ಸಭ್ಯವಾಗಿ, ದೋನ್ಯಾರ ಬೆನ್ನಿಗೆ ಹೇಳಿದಳು. ಕಿವಿ ಮಂದವಾದವರ ಬೆನ್ನಿಗೆ ಮಾತಾಡಬೇಡಿ ಎಂದು ವರ್ಷಗಟ್ಟಲೆ ಮನೆಮನೆಗೆ ತಿಳಿಹೇಳಿದವಳು ಅವಳೇ.

ಯಾರೋ ಬಂದಂತಾಗಿ ದೋನ್ಯಾ ತಿರುಗದೆಯೇ, "ಎದ್ಯಾ ಮಗಳೇ? ಕೂತ್ಕೋ, ಈಗ ಬೆಚ್ಚಗಾಗುತ್ತೆ," ಎಂದು ಕಡ್ಡಿ ಗೀರಿದರು.

"ಹಚ್ಚಬೇಡಿ!" ಮಾರಿತ್ಸಾ ಕಿರುಚಿದಳು. ಅಷ್ಟು ಜೋರಾಗಿ ಅವಳು ಹಿಂದೆಂದೂ ಕೂಗಿರಲಿಲ್ಲ. "ನಲ್ಲಿ ನಿಲ್ಲಿಸಿಬಿಟ್ಟೆ. ರಾತ್ರಿ. ನಾನೇ."

ದೋನ್ಯಾ ತಿರುಗಿ ಅವಳನ್ನೂ ಕಡ್ಡಿಯನ್ನೂ ನೋಡಿದರು. ಕಡ್ಡಿ ಬೆರಳು ಸುಡುವ ಮೊದಲು ಊದಿ ಆರಿಸಿದರು.

"ಯಾಕೆ?"

"ನೀರು ಪೋಲಾಗ್ತಿತ್ತು."

ದೋನ್ಯಾ ಕುರ್ಚಿಯ ಮೇಲೆ ಕುಳಿತರು. ಕಡ್ಡಿಪೆಟ್ಟಿಗೆಯನ್ನು ಏಪ್ರನ್ ಜೇಬಿಗೆ ಹಾಕಿ, ಮೇಲಿಂದ ಕೈಯಿಟ್ಟು ಒತ್ತಿಕೊಂಡರು.

"ಕೋಟು ಹಾಕ್ಕೋ," ಎಂದರು ಕೊನೆಗೆ. "ಪಕ್ಕದ ಮನೆ ಎವಾರಿಸ್ತೋನ ಕರ್ಕೊಂಡು ಬಾ. ಮರುಭೂಮಿಯವಳು ನೀರು ಉಳಿಸಿದ್ಲು ಅಂತ ನಿನ್ನ ಬಾಯಲ್ಲೇ ಹೇಳು. ಅದೇ ನಿನಗೆ ಶಿಕ್ಷೆ."

ಎವಾರಿಸ್ತೋ ಬಿಸಿನೀರಿನ ಕೆಟಲು ತಂದ, ಅವನ ಹೆಂಡತಿ ಹಳೆಯ ಬಟ್ಟೆಗಳನ್ನು ತಂದಳು. ಎದುರು ಮನೆಯವರು ಮಾಟೆ ಎಲೆಯ ಕಷಾಯ ತುಂಬಿದ ಸೋರೆಬುರುಡೆ ಹಿಡಿದುಕೊಂಡೇ ಬಂದರು. ನೆಲದ ಹಲಗೆ ಎತ್ತಿ, ಕೊಳವೆಗೆ ಬಿಸಿ ಬಟ್ಟೆ ಸುತ್ತಿ, ಆರಿದಂತೆಲ್ಲ ಬದಲಿಸುತ್ತ ಮಧ್ಯಾಹ್ನ ಮಾಡಿದರು. ಬಂದವರಿಗೆಲ್ಲ ಮಾರಿತ್ಸಾ ನಡೆದದ್ದನ್ನು ಮೊದಲಿನಿಂದ ಹೇಳಬೇಕಾಯಿತು. ಬದಲಿಗೆ ಅವರೂ ಒಂದು ಕಥೆ ಹೇಳಿದರು: ಹೋದ ಚಳಿಗಾಲದಲ್ಲಿ ಸಾಂಟಿಯಾಗೋದಿಂದ ಬಂದಿದ್ದ ಮೇಷ್ಟ್ರೊಬ್ಬರು ಕಾರಿನ ಗಾಜಿನ ಹಿಮ ಕರಗಿಸಲು ಕುದಿನೀರು ಸುರಿದು ಗಾಜನ್ನೇ ಸೀಳಿದ್ದರಂತೆ.

"ಇಂಥವರು ವರ್ಷಕ್ಕೊಬ್ಬರಾದ್ರೂ ಬೇಕು ನಮಗೆ," ಎಂದ ಎವಾರಿಸ್ತೋ, ಬುರುಡೆಯನ್ನು ಅವಳ ಕೈಗಿಡುತ್ತ. "ಇಲ್ಲಾಂದ್ರೆ ಆಗಸ್ಟ್ ತಿಂಗಳೆಲ್ಲ ಏನು ಮಾತಾಡೋದು?"

ಅವಳು ಕುಡಿದು ಬುರುಡೆಯನ್ನು ಹಿಂತಿರುಗಿಸಿದಳು. ಸರದಿಯಲ್ಲಿ ಅದು ಮತ್ತೆ ಅವಳ ಬಳಿಗೆ ಬಂತು, ಮತ್ತೊಮ್ಮೆಯೂ ಬಂತು. ಕೊಳವೆ ಕೆಮ್ಮಿ, ಕೆಂಚು ನೀರು ಉಗುಳಿ, ಕೊನೆಗೆ ಸರಾಗವಾಗಿ ಹರಿಯಿತು. ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಆಮೇಲೆ ದೋನ್ಯಾ ಒಲೆ ಹಚ್ಚಿದರು.

ಸಂಜೆ ಮಾರಿತ್ಸಾಳ ಹಾಸಿಗೆಯ ಮೇಲೆ ತುಂಬಿಟ್ಟ ಸೂಟ್‌ಕೇಸನ್ನು ದೋನ್ಯಾ ನೋಡಿದರು. ಅದನ್ನು ಮಂಚದ ಕೆಳಗೆ ತಳ್ಳಿ ಅವಳನ್ನು ಅಡುಗೆಮನೆಗೆ ಕರೆದರು. ನಲ್ಲಿ ಮತ್ತೆ ತೊಟ್ಟಿಕ್ಕುತ್ತಿತ್ತು. ಕೆಳಗೆ ಒಂದು ಬಕೆಟ್ ಇತ್ತು. ಅವರ ಎಪ್ಪತ್ತು ಚಳಿಗಾಲಗಳಲ್ಲಿ ಅಲ್ಲಿ ಯಾರೂ ಬಕೆಟ್ ಇಟ್ಟವರಿರಲಿಲ್ಲ.

"ನಿನಗೋಸ್ಕರ. ಬೆಳಗ್ಗೆ ಇದೇ ನೀರಲ್ಲಿ ಮಾಟೆ. ಈಗಾದ್ರೂ ನಿದ್ದೆ ಬರುತ್ತಾ?"

ಮಾರಿತ್ಸಾ ಮೇಜು ಸುತ್ತಿ ಹೋಗಿ, ಅವರ ಮುಖದೆದುರು ನಿಂತು, ದೊಡ್ಡ ದನಿಯಲ್ಲಿ ಕೃತಜ್ಞತೆ ಹೇಳಿದಳು.

"ಕೂಗಬೇಡ," ಎಂದರು ದೋನ್ಯಾ ಉಬರ್ಲಿಂದಾ. "ನಾನೇನು ಕಿವುಡಿನಾ?"